ಗಾಡಿ ನಿಂತ ಹಿಂದಿನ ದಿನ

ಮೋಟೆಬೆನ್ನೂರಿನ ಚೌಡವ್ವ ಕೆಟ್ಟುನಿಂತ ಕಾರು ಕೊಳ್ಳಲು ಹೋದರೆ ಮೊದಲು ಬಾನೆಟ್ಟು ಎತ್ತುತ್ತಿರಲಿಲ್ಲ. ಟೈರು ಒದ್ದು ನೋಡುತ್ತಿರಲಿಲ್ಲ. ಸೀದಾ ಆ ಮನೆಯ ಕಟ್ಟೆಯ ಮೇಲೆ ಕೂತು ಒಂದು ತಂಬಿಗೆ ನೀರು ಕೇಳುತ್ತಿದ್ದಳು. ನೀರು ತಂದುಕೊಟ್ಟವರನ್ನು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಳು.

"ಗಾಡಿ ನಿಂತ ಹಿಂದಿನ ದಿನ ಏನಾತು?"

ಮಾಲಕರಿಗೆ ಈ ಪ್ರಶ್ನೆ ಸೇರುವುದಿಲ್ಲ. ಅವರಿಗೆ ಗಾಡಿ ನಿಂತ ದಿನದ ಕಥೆ ಹೇಳಬೇಕಿರುತ್ತದೆ. ಎಷ್ಟು ದೂರ ತಳ್ಳಿದೆವು, ಯಾವ ಭಾವಮೈದುನ ಫೋನು ಎತ್ತಲಿಲ್ಲ, ಯಾವ ಮೆಕ್ಯಾನಿಕ್ ಎಷ್ಟು ಸುಲಿದ ಎಂದು ಹೇಳುತ್ತ ಕೂತರೆ ಅವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಿಂದಿನ ದಿನದ ಸಂಗತಿ ಗೊತ್ತಿರುವುದು ಅಂಗಳ ಗುಡಿಸುವವರಿಗೆ, ಗಾಡಿ ಒರೆಸುವವರಿಗೆ, ಅಡುಗೆಮನೆಯ ಕಿಟಕಿಯಿಂದ ನೋಡುವವರಿಗೆ. ಅವರನ್ನು ಯಾರೂ ಕೇಳಿರುವುದಿಲ್ಲ. ಯಾರೂ ಕೇಳದೆ ಬಿಟ್ಟ ಆ ಮಾತಿನ ಮೇಲೆಯೇ ಚೌಡವ್ವನ ವ್ಯಾಪಾರ ನಿಂತಿತ್ತು.

ಹಾವೇರಿಯ ಹೈಸ್ಕೂಲ್ ಮಾಸ್ತರರೊಬ್ಬರ ಕಾರು ನಾಲ್ಕು ತಿಂಗಳು ಮನೆಯ ಮುಂದೆ ಧೂಳು ತಿಂದಿತ್ತು. ಮೂವರು ಮೆಕ್ಯಾನಿಕರು ಬಂದು ಮೂರು ರೋಗ ಹೇಳಿ ಹೋಗಿದ್ದರು. ಚೌಡವ್ವ ಕೇಳಿದ್ದಕ್ಕೆ ಮಾಸ್ತರರ ಸೊಸೆ, "ಏನೂ ಆಗಿಲ್ಲರಿ. ಕೀಲಿಕೈ ಒಡದಿತ್ತು ಅಂತ ಮಾವಾರು ಅದಕ್ಕ ಹೊಸಾ ಕವರ್ ಹಾಕಿಸ್ಕೊಂಡು ಬಂದ್ರು ಅಷ್ಟ" ಎಂದಳು. ಹಳೆಯ ಕವರಿನೊಳಗೆ ಅಕ್ಕಿಕಾಳಿನಷ್ಟು ಒಂದು ಚಿಪ್ ಇರುತ್ತದೆ. ಅದು ಹತ್ತಿರವಿದ್ದರಷ್ಟೇ ಗಾಡಿ ಚಾಲೂ ಆಗುತ್ತದೆ. ಚೌಡವ್ವ ಗಾಡಿಯ ಜೊತೆಗೆ ಮೊಮ್ಮಗಳ ಆಟಿಕೆ ಡಬ್ಬಿಯಲ್ಲಿದ್ದ ಆ ಒಡಕು ಕವರನ್ನೂ ಕೇಳಿ ತಂದಳು. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬನ ಗಾಡಿಯಂತೂ ತಗ್ಗಿನಲ್ಲಿ ಧಡಕ್ಕನೆ ಇಳಿದು, ಅಪಘಾತವಾಯಿತೆಂದು ತಿಳಿದು, ತಾನೇ ಪೆಟ್ರೋಲು ಬಂದ್ ಮಾಡಿಕೊಂಡು ಕೂತಿತ್ತು. ಕಾಲಿಡುವ ಜಾಗದ ಬದಿಗಿದ್ದ ಒಂದು ಬಟನ್ ಒತ್ತಿದ್ದಕ್ಕೆ ಎದ್ದಿತು. ಆ ಬಟನ್ ಇರುವುದು ಬೀಜದ ವ್ಯಾಪಾರಿಗೂ ಗೊತ್ತಿರಲಿಲ್ಲ, ಅವನ ಮೆಕ್ಯಾನಿಕನಿಗೂ ಗೊತ್ತಿರಲಿಲ್ಲ.

ಈ ವಿದ್ಯೆ ಚೌಡವ್ವನಿಗೆ ಯಾವ ಶಾಲೆಯಲ್ಲೂ ಬಂದದ್ದಲ್ಲ. ಹೈವೇ ಬದಿಯ ಗ್ಯಾರೇಜಿಗೆ ಅಂಟಿಕೊಂಡಂತೆ ಹನ್ನೊಂದು ವರ್ಷ ಚಹಾದಂಗಡಿ ಇಟ್ಟವಳು ಅವಳು. ಗಾಡಿ ಕೆಟ್ಟವರೆಲ್ಲ ಚಹಾ ಕುಡಿಯುತ್ತಲೇ ಕಾಯಬೇಕಿತ್ತು. ಕಾಯುವವರು ಮಾತಾಡುತ್ತಿದ್ದರು, ಇವಳು ಸಕ್ಕರೆ ಕದಡುತ್ತ ಕೇಳುತ್ತಿದ್ದಳು. ಮೆಕ್ಯಾನಿಕ್ ಎರಡು ತಾಸು ಹುಡುಕಿ ಕಂಡುಹಿಡಿದದ್ದು ಗಿರಾಕಿಯ ಬಾಯಲ್ಲಿ ಮೊದಲ ಗುಟುಕಿಗೇ ಬಂದಿರುತ್ತಿತ್ತು. ಗ್ಯಾರೇಜಿನವನು ಅಂಗಡಿ ಮುಚ್ಚಿ ಹುಬ್ಬಳ್ಳಿಗೆ ಹೋದಾಗ ಅವನ ತಗಡಿನ ಶೆಡ್ಡನ್ನು ಚೌಡವ್ವ ಬಾಡಿಗೆಗೆ ಹಿಡಿದಳು. ಅಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ ಚಾಂದಸಾಬನನ್ನು ಪಾಲಿಗೆ ಕರೆದಳು. ಕಿವಿ ಇವಳದು, ಕೈ ಅವನದು. ಊರಿನವರು ನಕ್ಕರು. ಚಹಾ ಸೋಸುವಾಕಿ ಕಾರು ಮಾರುತ್ತಾಳಂತೆ ಎಂದು ಬ್ಯಾಡಗಿಯ ತನಕ ನಗು ಹೋಯಿತು. ಚೌಡವ್ವ ನಗುವವರ ಮುಂದೆಯೇ ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ಬೇಕೆಂದೇ ಹಾರ್ನ್ ಹೊಡೆಯುತ್ತಿದ್ದಳು ಕೂಡ.

ಶಂಕ್ರಪ್ಪ ಸಾವ್ಕಾರರ ಬಿಳಿ ಕಾರು ಮಾರಾಟಕ್ಕಿದೆ ಎಂಬ ಸುದ್ದಿ ಬಂದದ್ದು ದಸರೆ ಕಳೆದು ಮೂರು ವಾರಕ್ಕೆ. ಶಂಕ್ರಪ್ಪ ಎಂದರೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದೊಡ್ಡ ಖರೀದಿದಾರ. ಅವರು ಒಂದು ಮಾತು ಅಂದರೆ ಪೇಟೆಯಲ್ಲಿ ಹತ್ತು ಮಂದಿ ಅದನ್ನೇ ಅನ್ನುತ್ತಿದ್ದರು. ಅವರ ತಂಗಿಯ ಮಗ ವಿಜಯಮಹಾಂತೇಶ ರಾಣೆಬೆನ್ನೂರಿನಲ್ಲಿ ಗಾಜಿನ ಬಾಗಿಲಿನ ಗ್ಯಾರೇಜು ಇಟ್ಟಿದ್ದ. ಅವನು ಬಂದು ಒಂದು ಪ್ಲಗ್ಗು ಬಿಚ್ಚಿ ನೋಡಿ, ಒಳಗೆ ನೀರು ಕಂಡು, ಕೀಲಿ ತಿರುವಿದಾಗ ಹೊಗೆಗೊಳವೆಯಲ್ಲಿ ಬಿಳಿ ಹೊಗೆ ಕಂಡು, "ಮಾವ, ಇಂಜಿನ್ ಸೀಳೈತಿ. ರೇಡಿಯೇಟರ್ ನೀರು ಒಳಗ ಇಳದೈತಿ. ಇದರ ಮ್ಯಾಲ ರೊಕ್ಕ ಸುರಿಬ್ಯಾಡ್ರಿ, ಹೊಸಾದು ತಗೊಳ್ರಿ" ಎಂದು ತೀರ್ಪು ಕೊಟ್ಟಿದ್ದ. ಸಾವ್ಕಾರರು ಹೊಸದು ತಗೊಂಡೂ ಆಗಿತ್ತು.

ಚೌಡವ್ವ ಹೋದಾಗ ಸಾವ್ಕಾರರು ಪೇಟೆಯಲ್ಲಿದ್ದರು. ಹಿತ್ತಲ ಬಾಗಿಲಲ್ಲಿ ನೀರು ತಂದುಕೊಟ್ಟವರು ಅವರ ಹೆಂಡತಿ ಸುಶೀಲವ್ವ. ಅರವತ್ತರ ಹತ್ತಿರದ, ಮೆತ್ತಗೆ ಮಾತಾಡುವ ಹೆಣ್ಣುಮಗಳು. ಪ್ರಶ್ನೆ ಕೇಳುತ್ತಲೇ ಅವರ ಮುಖ ಇಳಿಯಿತು.

"ಹಿಂದಿನ ದಿನ ದಸರಾದ ಖಂಡೇಪೂಜಿ ಇತ್ತವ್ವಾ."

"ಪೂಜಿ ಯಾರು ಮಾಡಿದ್ರಿ?"

"ನಾನ ಮಾಡಿದ್ನಿ. ಡ್ರೈವರ್ ಚನ್ನೇಶ ತಮ್ಮ ಊರಿಗೆ ಹೋಗಿದ್ದ. ಮುಚ್ಚಳ ತಗದು ನೋಡಿದ್ರ ಇಂಜಿನ್ ಮ್ಯಾಲ ಬೊಟ್ಟಿನಷ್ಟು ದಪ್ಪ ಧೂಳು. ಹಂತಾದಕ್ಕ ಹೆಂಗ ವಿಭೂತಿ ಹಚ್ಚೂದು, ನೀನ ಹೇಳು. ಐದು ಬಿಂದಿಗಿ ನೀರು ಸುರುವಿ ಸ್ವಚ್ಛ ತೊಳದು, ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡದೆ." ಸುಶೀಲವ್ವ ಸೆರಗಿನಿಂದ ಕೈ ಒರೆಸಿಕೊಂಡರು. "ಅದರಿಂದನ ಕೆಟ್ಟಿತೇನು?"

ಚೌಡವ್ವನಿಗೆ ಸುಳ್ಳು ಹೇಳಬೇಕೆನಿಸಿತು. ಹೇಳಲಿಲ್ಲ. "ಹಂಗ ಕಾಣತೈತ್ರಿ ಅವ್ವಾರ. ಪ್ಲಗ್ಗಿನ ತಗ್ಗಿನ್ಯಾಗ ನೀರು ನಿಂತಿರಬೇಕು. ಒರಿಸಿ ಒಣಗಿಸಿದ್ರ ಎದ್ದರೂ ಎದ್ದೀತು. ಸಾವ್ಕಾರ್ರಿಗೆ ಹೇಳಿ ನೋಡ್ರಿ ಬೇಕಾದ್ರ."

ಸುಶೀಲವ್ವ ಸುತ್ತ ನೋಡಿ ಒಂದು ಮೆಟ್ಟಿಲು ಕೆಳಗಿಳಿದರು. "ಅವರಿಗೆ ಹೇಳಬ್ಯಾಡ. ಅವತ್ತು ಬನ್ನಿ ಕೊಡಾಕ ಹಾವೇರಿಗೆ ಹೊಂಟವರು ನಡು ದಾರ್ಯಾಗ ನಿಂತು ವಾರಗಟ್ಟಲೆ ಬೈದಾರ. ನಾನ ಕೆಡಿಸೇನಿ ಅಂತ ತಿಳಿದ್ರ ಸಾಯೂತನಕ ಅದನ್ನ ಎತ್ತಿ ಎತ್ತಿ ಆಡತಾರ. ಬೀಗರ ಮುಂದ ಆಡತಾರ, ಮೊಮ್ಮಕ್ಕಳ ಮುಂದ ಆಡತಾರ. ನೀನು ಅದನ್ನ ಒಯ್ದುಬಿಡು. ನನ್ನ ಕಣ್ಣ ಮುಂದ ಇರೂದು ಬ್ಯಾಡ. ಯಾರ ಮುಂದೂ ಬಾಯಿ ಬಿಡಂಗಿಲ್ಲ ಅಂತ ಆಣಿ ಮಾಡು."

ಚೌಡವ್ವ ಕದರಮಂಡಲಗಿಯ ಹನುಮಪ್ಪ, ಕಾಂತೇಶನ ಆಣೆ ಮಾಡಿದಳು. ಹಾಳು ಆಣೆ, ಯಾಕೆ ಮಾಡಿದೆನೋ ಎಂದು ಮುಂದೆ ಎರಡು ತಿಂಗಳಿಗೆ ಅವಳಿಗೇ ಅನಿಸಿತು. ಆದರೆ ಆ ಹೊತ್ತಿಗೆ ಸುಶೀಲವ್ವನ ಮುಖ ನೋಡಿದ ಯಾರೂ ಮಾಡದೆ ಇರುತ್ತಿರಲಿಲ್ಲ.

ಸಾಯಂಕಾಲ ಸಾವ್ಕಾರರು ಬಂದು ತಾವೇ ದರ ಹೇಳಿದರು. ಗುಜರಿಯವನು ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚಿಗೆ. "ಸತ್ತ ಗಾಡಿ ನೋಡವಾ ಇದು. ನಾಳೆ ಬಂದು ಅತ್ತರ ನಾ ಕೇಳಂಗಿಲ್ಲ" ಎಂದು ನಗುತ್ತ ಸಹಿ ಹಾಕಿಕೊಟ್ಟರು. ಅವಳಿಗೆ ಟೋಪಿ ಹಾಕಿದೆ ಎಂಬ ಖುಷಿ ಅವರ ಮುಖದ ತುಂಬ ಇತ್ತು.

ಶೆಡ್ಡಿನಲ್ಲಿ ಚಾಂದಸಾಬ ಮೂರು ಪ್ಲಗ್ಗುಗಳ ಮೇಲೆ ಕೂತು ಕಿಡಿಗೆ ಕರೆಂಟು ಕೊಡುವ ಕಾಯಿಲ್ ಎಳೆದು, ತಗ್ಗಿನೊಳಗೆ ಬಟ್ಟೆ ಅದ್ದಿ ತೆಗೆದ. ಬಟ್ಟೆಗೆ ಕುಂಕುಮ ಮೆತ್ತಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ಬಿದ್ದುಬಿದ್ದು ನಕ್ಕ. "ಅಕ್ಕಾ, ರೇಡಿಯೇಟರ್ ನೀರಿಗೆ ಯಾರರ ಕುಂಕುಮ ಹಾಕತಾರೇನು? ಇಷ್ಟು ಕುಂಕುಮ ಕಂಡೂ ಇಂಜಿನ್ ಸೀಳೈತಿ ಅಂದನಲ್ಲ ಆ ಗಾಜಿನ ಬಾಗಲದ ಮಾರಾಯ." ಗಾಳಿ ಹೊಡೆದು ಒಣಗಿಸಿ, ಎರಡು ಕಾಯಿಲ್ ಬದಲಿಸಿ, ಹೊಸ ಪ್ಲಗ್ಗು ಹಾಕಿದರು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಆ ಗಾಡಿಯನ್ನು ಹಾವೇರಿಯ ವಕೀಲರೊಬ್ಬರು ಕೊಂಡರು.

ಒಂದು ಕೇಸಿನ ತಾರೀಖಿಗೆ ಹೋದಾಗ ಕೋರ್ಟಿನ ಆವರಣದಲ್ಲೇ ಶಂಕ್ರಪ್ಪನವರ ಕಣ್ಣಿಗೆ ಅದು ಬಿತ್ತು. ತಮ್ಮದೇ ಗಾಡಿ, ಹಿಂಬದಿಗೆ ತಮ್ಮದೇ ಗೇಟು ತಾಗಿ ಆದ ಗೆರೆ, ಹೂವಿನ ಹಾಗೆ ಚಾಲೂ ಆಗಿ ಹೋಯಿತು. ವಕೀಲರ ಗುಮಾಸ್ತನನ್ನು ಹಿಡಿದು ಕೇಳಿದರೆ, "ಏನೂ ಆಗಿರಲಿಲ್ಲಂತರಿ, ಪ್ಲಗ್ಗು ಬದಲಿ ಮಾಡಿದ್ರಂತ ಅಷ್ಟ" ಎಂದ. ಮನುಷ್ಯನಿಗೆ ಗಾಡಿ ಹೋದದ್ದಕ್ಕೆ ಹೊಟ್ಟೆ ಉರಿಯಲಿಲ್ಲ. ತಾನು ಟೋಪಿ ಹಾಕಿದೆನೆಂದುಕೊಂಡವಳು ತನಗೇ ಹಾಕಿದಳಲ್ಲ ಎಂದು ಉರಿಯಿತು.

ಮರುದಿನ ಗುರುವಾರ. ಜನವರಿ ತಿಂಗಳು, ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೆಣಸಿನಕಾಯಿ. ಖರೀದಿದಾರರು ದರ ಬರೆದು ಹಾಕುವ ಟೆಂಡರಿನ ಹೊತ್ತಿಗೆ, ನಾಲ್ಕು ಜಿಲ್ಲೆಯ ರೈತರು ನಿಂತಿದ್ದ ಕಡೆ, ಶಂಕ್ರಪ್ಪ ದೊಡ್ಡ ದನಿಯಲ್ಲಿ, "ಮೋಟೆಬೆನ್ನೂರ ಚೌಡವ್ವ ಮೋಸಗಾತಿ. ಯಾರೂ ಅಕಿಗೆ ಗಾಡಿ ಕೊಡಬ್ಯಾಡ್ರಿ" ಎಂದರು.

ಅಷ್ಟು ಸಾಕಾಯಿತು. ಮಾತು ಕೊಟ್ಟಿದ್ದ ಮೂವರು ಫೋನು ಮಾಡಿ ಮಾತು ಹಿಂತೆಗೆದುಕೊಂಡರು. ಕಟ್ಟೆಯ ಮೇಲೆ ಕೂತರೆ ನೀರು ಕೊಡುವವರಿಲ್ಲದಾಯಿತು. ಕೆಟ್ಟ ಗಾಡಿ ಕೊಳ್ಳುವವರಿಗೆ ಬಂಡವಾಳವೆಂದರೆ ಹೆಸರೊಂದೇ. ಅದು ಹೋದರೆ ತಗಡಿನ ಶೆಡ್ಡಿಗೆ ಬೀಗ, ಮತ್ತೆ ಚಹಾದ ಸೋಸಣಿಗೆ. ಚೌಡವ್ವನಿಗೆ ಸಿಟ್ಟು ಬಂತು. ಅಳುವೂ ಬಂದಿತ್ತು, ಆದರೆ ಸಿಟ್ಟು ಮೊದಲು ಬಂದು ಜಾಗ ಹಿಡಿದುಬಿಟ್ಟಿತ್ತು. ಅವಳೇ ಸಾವ್ಕಾರರಿಗೆ ಫೋನು ಮಾಡಿ, "ಮೋಸ ಅಂದೀರಿ, ನಾಕ ಮಂದಿ ಹಿರ್ಯಾರನ್ನ ಕೂಡಿಸ್ರಿ, ನಾ ಬರತೇನಿ" ಎಂದಳು.

ರವಿವಾರ ಬೆಳಿಗ್ಗೆ ಶಂಕ್ರಪ್ಪನವರ ಪಡಸಾಲೆಯಲ್ಲಿ ಐವರು ವ್ಯಾಪಾರಸ್ಥರು ಕೂತಿದ್ದರು. ವಿಜಯಮಹಾಂತೇಶನೂ ಇದ್ದ. ಚೌಡವ್ವ ಚಾಂದಸಾಬನೊಂದಿಗೆ ಬಂದು, ಯಾರೂ ಹೇಳುವ ಮೊದಲೇ ಒಂದು ಕುರ್ಚಿ ಎಳೆದುಕೊಂಡು ಕೂತಳು. ಒಳಗಿನಿಂದ ಕಪ್ಪು ಬಸಿಗಳ ಸದ್ದು ಬರುತ್ತಿತ್ತು.

"ಕದರಮಂಡಲಗಿ ಕಾಂತೇಶನ ಆಣಿ ಮಾಡು" ಎಂದರು ಶಂಕ್ರಪ್ಪ. "ಗಾಡಿ ಕೊಳ್ಳಾಗ ಅದರಾಗ ಏನೂ ಕೆಟ್ಟಿಲ್ಲ ಅಂತ ನಿನಗ ಗೊತ್ತಿರಲಿಲ್ಲ ಅಂತ ಆಣಿ ಮಾಡು. ಅಲ್ಲಿಗೆ ಮುಗೀತು."

"ಮಾಡಂಗಿಲ್ಲ. ನನಗ ಗೊತ್ತಿತ್ತು."

ಒಪ್ಪಿಕೊಳ್ಳುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಶಂಕ್ರಪ್ಪ ಗೆದ್ದವರ ಹಾಗೆ ಸುತ್ತ ನೋಡಿದರು.

"ಗೊತ್ತಿತ್ತು ಅಂತಾಳ ನೋಡ್ರಿ. ತನ್ನ ಬಾಯಿಲೆ ಅಂತಾಳ."

"ಅಂತೇನ್ರಿ. ಗೊತ್ತು ಮಾಡ್ಕೊಳ್ಳೂದ ನನ್ನ ಉದ್ಯೋಗ. ಸಾವ್ಕಾರ್ರ, ನೀವು ರೈತನ ಚೀಲದಾಗ ಕೈ ಹಾಕತೀರಿ. ಒಂದು ಕಾಯಿ ಮುರದು ಮೂಸತೀರಿ. ಇದು ಡಬ್ಬಿ ಜಾತಿ, ಇದರ ಬಣ್ಣ ಎಷ್ಟು, ಇದಕ್ಕ ಬಣ್ಣ ತಗಿಯೂ ಕಂಪನಿಯವ್ರು ಏನು ಕೊಡತಾರ, ಎಲ್ಲಾ ನಿಮಗ ತಿಳೀತೈತಿ. ಆಮ್ಯಾಲ ಟೆಂಡರ್ ಬರೀತೀರಿ. ಬರಿಯೂಕಿಂತ ಮೊದಲ ರೈತನ ಕಿವ್ಯಾಗ ಹೇಳತೀರೇನು, ತಮ್ಮಾ ನಿನ್ನ ಮಾಲು ಇನ್ನೂ ಭಾಳ ಬಾಳತೈತಿ ಅಂತ?"

ಐವರಲ್ಲಿ ಹಿರಿಯರಾದವರೊಬ್ಬರು ಕೆಮ್ಮಿದರು. ಅದು ನಗೆಯೋ ಕೆಮ್ಮೋ ಗೊತ್ತಾಗಲಿಲ್ಲ.

"ದರ ನೀವ ಹೇಳಿದ್ರಿ. ಸತ್ತ ಗಾಡಿ ಅಂತ ನೀವ ಅಂದ್ರಿ. ನಾಳೆ ಬಂದು ಅತ್ತರ ಕೇಳಂಗಿಲ್ಲ ಅಂತನೂ ನೀವ ಅಂದ್ರಿ" ಎಂದಳು ಚೌಡವ್ವ. "ಈಗ ಅಳಾಕತ್ತವರು ಯಾರು?"

ಶಂಕ್ರಪ್ಪನವರ ಮುಖ ಕೆಂಪಾಯಿತು. "ಆತು. ಗೊತ್ತಿತ್ತು ಅಂದಿ. ಏನು ಗೊತ್ತಿತ್ತು? ಗಾಡಿಗೆ ಆಗಿದ್ದಾದರೂ ಏನು? ಹೇಳು ಎಲ್ಲಾರ ಮುಂದ."

ಒಳಗಿನ ಕಪ್ಪು ಬಸಿಗಳ ಸದ್ದು ನಿಂತಿತು. ಚಾಂದಸಾಬ ತಡೆಯಲಾರದೆ, "ಅದೇನಿಲ್ರಿ, ಪ್ಲಗ್ಗಿನ್ಯಾಗ" ಎಂದು ಶುರುಮಾಡಿದ. ಚೌಡವ್ವ ಅವನ ಮೊಣಕೈ ಹಿಡಿದು ಅದುಮಿದಳು.

"ಅದನ್ನ ಹೇಳಂಗಿಲ್ಲ" ಎಂದಳು.

"ಯಾಕ?"

"ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ. ಮೋಸ ಮಾಡಿಲ್ಲ, ಅಷ್ಟು ಹೇಳತೇನಿ."

ವಿಜಯಮಹಾಂತೇಶನಿಗೆ ಜೀವ ಬಂತು. ಇಷ್ಟು ಹೊತ್ತು ಅವನಿಗೆ ಹೆದರಿಕೆಯಿತ್ತು, ಪ್ಲಗ್ಗಿನ ಸುದ್ದಿ ಹೊರಬಿದ್ದರೆ ತನ್ನ ಗಾಜಿನ ಬಾಗಿಲು ಒಡೆದಂತೆಯೇ ಎಂದು. "ಹೇಳಾಕ ಬಾಯಿ ಬರವಲ್ಲದು ಮಾವ. ಮೊದಲ ಕೆಡಿಸಿ ಆಮ್ಯಾಲ ಕೊಂಡಾರ. ಇಲ್ಲಂದ್ರ ನನ್ನ ಕಣ್ಣಿಗೆ ಹೆಂಗ ತಪ್ಪತೈತಿ?"

ಶಂಕ್ರಪ್ಪ ಅದನ್ನು ಗಬಕ್ಕನೆ ಹಿಡಿದರು. "ಹೌದ್ನೋಡು. ಚನ್ನೇಶಗ ರೊಕ್ಕ ತಿನ್ನಿಸಿ ಗಾಡ್ಯಾಗ ಏನೋ ಹಾಕಿಸ್ಯಾಳ. ಅದಕ್ಕ ಆ ಮಗ ಅವತ್ತು ಊರಿಗೆ ಹೋದ. ಅವನ್ನ ಇವತ್ತ ಕೆಲಸದಿಂದ ಬಿಡಿಸತೇನಿ. ಇಬ್ಬರ ಮ್ಯಾಲೂ ಕಂಪ್ಲೇಂಟ್ ಕೊಡತೇನಿ."

ಚೌಡವ್ವನಿಗೆ ಗೊತ್ತಿತ್ತು, ಒಂದು ಮಾತು ಸಾಕು. ಐದು ಬಿಂದಿಗೆ ನೀರು ಎಂದು ಅಂದುಬಿಟ್ಟರೆ ಶೆಡ್ಡು ಉಳಿಯುತ್ತದೆ, ಹೆಸರು ಉಳಿಯುತ್ತದೆ. ಮಾತು ನಾಲಗೆಯ ತುದಿಗೇ ಬಂದು ಕೂತಿತ್ತು. ಅವಳು ಅದನ್ನು ನುಂಗಿದಳು. ಹೆದರಿ ನುಂಗಲಿಲ್ಲ. ಈ ಪಡಸಾಲೆಯಲ್ಲಿ ಇಷ್ಟು ಗಂಡಸರ ನಡುವೆ ಆ ಹೆಣ್ಣುಮಗಳನ್ನು ಎಳೆದು ನಿಲ್ಲಿಸಿ ತಾನು ಪಾರಾಗುವುದು ಅವಳ ಮೈಗೆ ಒಗ್ಗುವ ಕೆಲಸವಾಗಿರಲಿಲ್ಲ.

"ಕೊಡ್ರಿ ಕಂಪ್ಲೇಂಟ್" ಎಂದು ಎದ್ದಳು. "ಪೊಲೀಸರ ಮುಂದೂ ಇಷ್ಟ ಹೇಳತೇನಿ. ಚನ್ನೇಶನ ಮುಖ ನಾ ನೋಡೇ ಇಲ್ಲ. ಮೋಸ ಅಂದ ಮಾತು ನೀವು ತಿರುಗಿ ತಗೊಳ್ಳೂತನಕ ನಾ ನಿಮ್ಮ ಬಾಗಲಾ ಬಿಡಂಗಿಲ್ಲ. ದಿನಾ ಬರತೇನಿ. ದಿನಾ ಬಂದು ಈ ಕಟ್ಟಿ ಮ್ಯಾಲ ಕುಂದರತೇನಿ."

"ಕುಂದರೂದು ಬ್ಯಾಡ."

ಮಾತು ಬಂದದ್ದು ಅಡುಗೆಮನೆಯ ಬಾಗಿಲಿನಿಂದ. ಸುಶೀಲವ್ವ ಚಹಾದ ತಾಟು ಹಿಡಿದು ನಿಂತಿದ್ದರು. ಅವರು ಬಂದು ಅದನ್ನು ಗಂಡನ ಮುಂದಿನ ಟೀಪಾಯಿಯ ಮೇಲಿಟ್ಟರು.

"ಚನ್ನೇಶನ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ. ಗಾಡಿ ಕೆಡಿಸಿದಾಕಿ ನಾನು. ಖಂಡೇಪೂಜಿ ದಿನಾ ಇಂಜಿನ್ ಮ್ಯಾಲ ಐದು ಬಿಂದಿಗಿ ನೀರು ಸುರುವೇನಿ."

ಶಂಕ್ರಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೂವತ್ತೆಂಟು ವರ್ಷದಿಂದ ಅನ್ನುತ್ತ ಬಂದದ್ದನ್ನೇ ಅಂದರು. "ಒಳಗ ಹೋಗು. ನಿನಗೇನು ತಿಳೀತೈತಿ."

ಸುಶೀಲವ್ವ ಒಳಗೆ ಹೋಗಲಿಲ್ಲ.

"ಗಾಡಿ ಯಾಕ ನಿಂತಿತು ಅನ್ನೂದು ಈ ಮನ್ಯಾಗ ತಿಳಿದಾಕಿ ನಾನೊಬ್ಬಾಕೆ. ನೀವು ಚನ್ನೇಶನ್ನ ಕೇಳಿದ್ರಿ. ಇವನ್ನ ರಾಣೆಬೆನ್ನೂರಿಂದ ಕರಿಸಿ ಕೇಳಿದ್ರಿ. ಗ್ರಹಚಾರ ಏನೈತಿ ಅಂತ ಮಠದ ಅಯ್ನಾರನ್ನ ಕೇಳಿದ್ರಿ. ನನ್ನ ಕೇಳಲಿಲ್ಲ. ಇಕಿ ಎಲ್ಲಿಯಾಕಿನೋ ಬಂದು ನನ್ನ ಕೇಳಿದ್ಲು. ಇದ್ದದ್ದು ಹೇಳಿದ್ಲು. ನಾನ ಒಯ್ಯಿ ಅಂದೆ, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡೆ. ಕಳ್ಳಿ ಅನಿಸ್ಕೊಂಡ್ರೂ ಇಕಿ ಆಣಿ ಮುರಿಲಿಲ್ಲ. ನಾನು ಬಾಗಲಾ ಮರಿಗೆ ನಿಂತು ಕೇಳಾಕತ್ತಿದ್ನಿ. ನನಗ ನಾಚಿಕಿ ಆತು."

ವಿಜಯಮಹಾಂತೇಶ ಫೋನಿನಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ಹುಡುಕತೊಡಗಿದ. ಕೆಮ್ಮಿದ ಹಿರಿಯರು ಚಹಾ ಎತ್ತಿಕೊಂಡು, ವಾತಾವರಣ ತಿಳಿಮಾಡಲೆಂದು, "ಇರಲಿ ಬಿಡ್ರಿ, ಆದದ್ದಾತು. ಚೌಡವ್ವ, ನಮ್ಮ ಮನ್ಯಾಗೂ ಒಂದು ಗಾಡಿ ದೀಪಾವಳಿಯಿಂದ ನಿಂತೈತಿ. ಬಂದು ನೋಡು" ಎಂದರು.

"ಬರತೇನ್ರಿ. ಮೊದಲ ಇವರು ಮಾತು ತಿರುಗಿ ತಗೊಳ್ಳಲಿ."

ಶಂಕ್ರಪ್ಪ ನೆಲ ನೋಡುತ್ತ, "ಆತು. ತಗೊಂಡೆ" ಎಂದರು.

"ಇಲ್ಲಲ್ರಿ. ಪ್ಯಾಟ್ಯಾಗ ಅಂದೀರಿ, ಪ್ಯಾಟ್ಯಾಗ ಹೇಳ್ರಿ."

"ಅದು ಮಾತ್ರ ಆಗೂದಲ್ಲ."

"ನೀವು ಹೋಗದಿದ್ರ ನಾ ಹೋಗತೇನಿ" ಎಂದರು ಸುಶೀಲವ್ವ. ದನಿ ಮೊದಲಿನಷ್ಟೇ ಮೆತ್ತಗಿತ್ತು. "ಟೆಂಡರ್ ಹೊತ್ತಿನ್ಯಾಗ ನಿಂತು, ನಾ ಶಂಕ್ರಪ್ಪ ಸಾವ್ಕಾರ್ರ ಹೇಣ್ತಿ, ಗಾಡಿ ನಾನ ಕೆಡಿಸೇನಿ, ಇಕಿದು ಏನೂ ತಪ್ಪಿಲ್ಲ ಅಂತ ನಾನ ಹೇಳತೇನಿ. ಯಾವುದು ಬೇಕು ನೋಡ್ರಿ."

ಗುರುವಾರ ಹನ್ನೊಂದು ಗಂಟೆಗೆ ಚೌಡವ್ವ ತನ್ನ ಶೆಡ್ಡಿನ ಒಂದು ಗಾಡಿಯಲ್ಲಿ ಸುಶೀಲವ್ವನನ್ನು ಕರೆದುಕೊಂಡು ಪೇಟೆಗೆ ಬಂದಳು. ಅದೇ ಊರಿನಲ್ಲಿ ಮೂವತ್ತೆಂಟು ವರ್ಷ ಬಾಳಿದರೂ ಅವರು ಮೆಣಸಿನಕಾಯಿ ಪೇಟೆಯ ಒಳಗೆ ಕಾಲಿಟ್ಟಿರಲಿಲ್ಲ. ಘಾಟಿಗೆ ಕಣ್ಣಲ್ಲಿ ನೀರು ಬಂದು ಸೆರಗು ಮೂಗಿಗೆ ಒತ್ತಿಕೊಂಡರು. ಚೌಡವ್ವ, "ಸಾಕೇನ್ರಿ ಅವ್ವಾರ, ಹೊರಗ ನಿಲ್ಲೂಣೇನು?" ಎಂದಳು. ಅವರು ತಲೆಯಾಡಿಸಿ ಚೀಲಗಳ ಸಂದಿಯಲ್ಲಿ ಮುಂದೆ ನಡೆದು, ಗಂಡನಿಗೆ ಕಾಣುವ ಹಾಗೆ ಗುಂಪಿನ ಹಿಂದೆ ನಿಂತರು.

ಶಂಕ್ರಪ್ಪ ಬಂದರು. ರೈತರು, ಹಮಾಲರು, ಖರೀದಿದಾರರು ಏನೋ ನಡೆಯಲಿದೆ ಎಂದು ಸರಿದು ಜಾಗ ಬಿಟ್ಟರು. ಅವರು ಕೈಯಲ್ಲಿದ್ದ ಒಂದು ಕಾಯಿಯನ್ನು ಮುರಿಯುತ್ತ, ತಲೆ ತಗ್ಗಿಸಿ, ತುಟಿಯಲ್ಲೇ ಹೇಳಿದರು. "ಚೌಡವ್ವ ಮೋಸ ಮಾಡಿಲ್ಲ, ನಾ ತಿಳೀದ ಅಂದೆ, ತಪ್ಪಾತು." ಎದುರಿಗೆ ನಿಂತ ನಾಲ್ಕು ಮಂದಿಯನ್ನು ಬಿಟ್ಟರೆ ಮತ್ತಾರಿಗೂ ಅದು ಮುಟ್ಟಲಿಲ್ಲ. ಹೇಳಿ ಮುಗಿಸಿ ಹೊರಡಲು ತಿರುಗಿದರು.

"ಹಿಂದ ಕೇಳಸಲಿಲ್ರಿ" ಎಂದರು ಸುಶೀಲವ್ವ.

ಇಡೀ ಪೇಟೆ ತಿರುಗಿ ನೋಡಿತು. ಚೌಡವ್ವ ಅವರ ಪಕ್ಕದಲ್ಲಿ ಗಟ್ಟಿಯಾಗಿ ನಿಂತಳು. ಶಂಕ್ರಪ್ಪ ಹೆಂಡತಿಯನ್ನು ನೋಡಿದರು. ಆಮೇಲೆ ಮುರಿದ ಕಾಯಿ ಕೆಳಗೆ ಹಾಕಿ, ತಲೆ ಎತ್ತಿ, ಹಿಂದಿನವರಿಗೂ ಕೇಳುವ ಹಾಗೆ ಮೊದಲಿನಿಂದ ಮತ್ತೊಮ್ಮೆ ಹೇಳಿದರು.